ವಿದ್ಯುನ್ಮಾನ ಷಟರ್: ಕ್ರಮವೂ ಯೌಗಪದ್ಯವೂ

ನೂರು ನೈದಿಲೆಯ ಎಸಳುಗಳನ್ನು ಒಂದರ ಮೇಲೊಂದಿರಿಸಿ ಸೂಜಿಯಿಂದ ಚುಚ್ಚಿದರೆ ಎಲ್ಲವೂ ಏಕಕಾಲದಲ್ಲಿ ಭೇದಿಸಲ್ಪಟ್ಟಂತೆ ತೋರುವುದು; ವಸ್ತುತಃ ಅವು ಒಂದಾದ ಮೇಲೊಂದು ಭೇದಿಸಲ್ಪಡುವುವು. ಶಾಸ್ತ್ರಕಾರರು ಇದನ್ನು ಉತ್ಪಲಪತ್ರಶತಭೇದನ್ಯಾಯವೆನ್ನುವರು. ಛಾಯಾಚಿತ್ರವು ಒಂದೇ ಕ್ಷಣದ ಸಾಕ್ಷಿಯೆಂಬ ಲೋಕದ ನಂಬುಗೆಯನ್ನು ಈ ನ್ಯಾಯದಿಂದ ಪರೀಕ್ಷಿಸಬಹುದಾಗಿದೆ.

ಕ್ರಮದಿಂದುಂಟಾಗುವ ದೋಷವು ವಿದ್ಯುನ್ಮಾನ ಯುಗದಲ್ಲಿ ಹುಟ್ಟಿದುದಲ್ಲ. ಫಲಕದ ಮುಂದೆ ಸೀಳುಳ್ಳ ಪರದೆಯು ಸರಿಯುವ ಹಳೆಯ ಷಟರಿನಲ್ಲಿಯೇ ಅದು ಇದ್ದಿತು. 1910ರ ದಶಕದ ಆದಿಯಲ್ಲಿ ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ತೆಗೆದ ಪಂದ್ಯದ ಮೋಟಾರು ಗಾಡಿಯ ಪ್ರಸಿದ್ಧ ಚಿತ್ರದಲ್ಲಿ ದುಂಡಾದ ಚಕ್ರವು ಅಂಡಾಕಾರವಾಗಿ ಮುಂದಕ್ಕೆ ಬಾಗಿರುವುದು. ಪ್ರೇಕ್ಷಕರು ಎದುರು ದಿಕ್ಕಿಗೆ ವಾಲಿರುವರು. ಸೀಳು ಸರಿಯುತ್ತಿದ್ದಾಗ ಗಾಡಿಯೂ ಕ್ಯಾಮೆರಾವೂ ಚಲಿಸುತ್ತಿದ್ದುದೇ ಇದಕ್ಕೆ ಕಾರಣ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಎಂಬವರು ಸಿ.ಸಿ.ಡಿ.ಯನ್ನು ಕಲ್ಪಿಸಿದರು, 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಇದರ ಒಂದು ಪ್ರಭೇದದಲ್ಲಿ, ಬೆಳಕನ್ನು ಗ್ರಹಿಸುವ ಕೋಶಗಳ ಪ್ರತಿಯೊಂದು ಕಂಬಸಾಲಿನ ಪಕ್ಕದಲ್ಲಿಯೂ ಬೆಳಕು ತಾಗದಂತೆ ಮುಚ್ಚಿದ ಕಾಲುವೆಯುಂಟು. ಅವಧಿ ಮುಗಿದೊಡನೆ ಎಲ್ಲ ಕೋಶಗಳ ವಿದ್ಯುದಂಶವೂ ಒಮ್ಮೆಗೇ ಆ ಕಾಲುವೆಗಳಿಗೆ ಸರಿಯುವುದು. ಇಲ್ಲಿ ಗ್ರಹಣವು ಯುಗಪತ್ತಾದುದು. ಓದುವಿಕೆ ಮಾತ್ರ ಕ್ರಮಿಕವಾದುದು.

1990ರ ದಶಕದಲ್ಲಿ ಎರಿಕ್ ಫಾಸಮ್ ಮತ್ತು ಅವರ ಸಂಗಡಿಗರು ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯಲ್ಲಿ ಸೀಮಾಸ್ ಸಂವೇದಕವನ್ನು ಬೆಳೆಯಿಸಿದರು. ಅಲ್ಪ ವಿದ್ಯುತ್ತು, ಅಲ್ಪ ವೆಚ್ಚಗಳ ಗುಣದಿಂದ ಅದು ಜೇಬಿನ ಫೋನುಗಳವರೆಗೆ ಹರಡಿತು. ಆದರೆ ಸಾಧಾರಣವಾಗಿ ಅದರಲ್ಲಿ ಒಂದು ಕಂಬಸಾಲಿನ ಕೋಶಗಳೆಲ್ಲವನ್ನೂ ಓದುವ ತಂತಿಯು ಒಂದೇ. ಆದುದರಿಂದ ಅಡ್ಡಸಾಲುಗಳು ಸರದಿಯಂತೆ ಬರಿದಾಗಿ, ಬೆಳಕನ್ನು ಗ್ರಹಿಸಿ, ಓದಲ್ಪಡುವುವು. ಅವಧಿಯು ಎಲ್ಲಕ್ಕೂ ಸಮಾನ; ಆರಂಭವು ಭಿನ್ನ. ಪ್ರತಿಸಾಲಿಗೆ ಸೆಕೆಂಡಿನ 1/1000 ಭಾಗ ಮಾತ್ರ ಬೆಳಕು ಸಲ್ಲುವುದೆಂದೂ, ಸಾಲುಗಳನ್ನೆಲ್ಲ ಓದಲು 1/30 ಭಾಗ ಹಿಡಿಯುವುದೆಂದೂ ಇಟ್ಟುಕೊಂಡರೆ, ಮೊದಲ ಸಾಲಿಗೂ ಕಡೆಯ ಸಾಲಿಗೂ ಸುಮಾರು 1/30 ಸೆಕೆಂಡಿನ ಅಂತರವಾಗುವುದು. ಆಗ ಓಡುವ ರೈಲು ಓರೆಯಾಗಿಯೂ ವಿಮಾನದ ಪ್ರೊಪೆಲ್ಲರು ಡೊಂಕಾಗಿಯೂ ಕಾಣುವುವು. ಚಿತ್ರವು ಅತಿಸ್ಪಷ್ಟವಾಗಿದ್ದರೂ ಆಕಾರವು ಅಯಥಾರ್ಥವಾಗುವುದು.

ಸೀಮಾಸಿನಲ್ಲಿ ಯೌಗಪದ್ಯವನ್ನು ಸಾಧಿಸಲು ಪ್ರತಿಕೋಶದಲ್ಲಿಯೂ ಮುಚ್ಚಿದ ಉಗ್ರಾಣವೊಂದು ಬೇಕು. ಅದು ಬೆಳಕಿಗೆ ಸಲ್ಲಬೇಕಾದ ಸ್ಥಳವನ್ನು ಕಸಿದುಕೊಳ್ಳುವುದು, ರಚನೆಯನ್ನೂ ಜಟಿಲಗೊಳಿಸುವುದು. ಈ ಕಾರಣದಿಂದ ಅದು ಮೊದಲು ಕೈಗಾರಿಕೆಯ ಯಂತ್ರಗಳಲ್ಲಿ ನೆಲೆಸಿ, ಪೂರ್ಣಚೌಕಟ್ಟಿನ ಸಾಮಾನ್ಯ ಬಳಕೆಯ ಕ್ಯಾಮೆರಾಗಳನ್ನು ತಡವಾಗಿ ಸೇರಿತು. 2023ರಲ್ಲಿ ಸೋನಿ ಸಂಸ್ಥೆಯು ಪ್ರಕಟಿಸಿದ ಆಲ್ಫಾ 9ರ ಮೂರನೆಯ ಆವೃತ್ತಿಯೇ ಅದಕ್ಕೆ ನಿದರ್ಶನ.

ಆದುದರಿಂದ ಛಾಯಾಚಿತ್ರವನ್ನು ಪ್ರಮಾಣವಾಗಿ ಸ್ವೀಕರಿಸುವ ಇತಿಹಾಸಕಾರನು ಅದರ ಕಾಲದೇಶಗಳೊಡನೆ ಷಟರಿನ ಬಗೆಯನ್ನೂ ವಿಚಾರಿಸತಕ್ಕದ್ದು. ಬಾಗಿದ ಚಕ್ರವನ್ನು ಕಂಡು ಗಾಡಿಯೇ ಬಾಗಿತ್ತೆಂದು ನಿರ್ಣಯಿಸುವುದು ಯುಕ್ತವಲ್ಲ.