ಸುದ್ದಿಯ ಸಾಲಿನಲ್ಲಿ ವರ್ಣಭೇದ



ದಿನಪತ್ರಿಕೆಯ ಶೀರ್ಷಿಕೆಯನ್ನೋ, ಚಲನಚಿತ್ರದ ಹಾಸ್ಯಪ್ರಸಂಗವನ್ನೋ ಮುಂದಿಟ್ಟು, "ಬುದ್ಧೀ, ಇದು ಜನಾಂಗದ್ವೇಷವಲ್ಲವೇ?" ಎಂದು ಓದಿದ ತರುಣರು ಕೇಳುವುದುಂಟು. ಎಲ್ಲದರಲ್ಲಿಯೂ ಹುಳುಕು ಹುಡುಕುವ ಗೀಳು ಇದೆಂದು ಹಿರಿಯರು ಬೇಸರಿಸುವುದೂ ಉಂಟು. ಈ ಪ್ರಶ್ನೆಯನ್ನು ದೂರದ ಅಮೆರಿಕೆಗೆ ಒಯ್ಯದೆ, ಬೆಂಗಳೂರಿನ ಉತ್ತರಭಾಗದ ಹೆಸರಘಟ್ಟ ರಸ್ತೆಯಲ್ಲಿಯೇ ಇಟ್ಟು ವಿಚಾರಿಸೋಣ.

2016ನೆಯ ಇಸವಿ ಜನವರಿ 31ರ ರಾತ್ರಿ ಸೋಲದೇವನಹಳ್ಳಿ ಪೊಲೀಸ್ ಠಾಣೆಯ ಸರಹದ್ದಿನಲ್ಲಿ, ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ಮೃತರಾದರು. ಆ ಕುಟುಂಬದ ದುಃಖವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಸೇರಿದ ಜನ ಆ ಕಾರನ್ನು ಸುಟ್ಟರು. ಸುಮಾರು ಅರ್ಧ ಗಂಟೆಯ ತರುವಾಯ ತಾಂಜಾನಿಯಾ ದೇಶದ 21 ವರ್ಷದ ವಿದ್ಯಾರ್ಥಿನಿ ತನ್ನ ಸ್ನೇಹಿತರೊಡನೆ ಬೇರೊಂದು ಕಾರಿನಲ್ಲಿ ಅಲ್ಲಿಗೆ ಬಂದಳು. ನಡೆದುದೇನೆಂಬುದು ಆಕೆಗೆ ತಿಳಿದೇ ಇರಲಿಲ್ಲ. ಗುಂಪು ಅವರನ್ನು ಎಳೆದು ಥಳಿಸಿತು; ಆಕೆಯ ಮೇಲಂಗಿ ಹರಿಯಿತು; ಆ ಕಾರಿಗೂ ಬೆಂಕಿ ಬಿತ್ತು. ತಪ್ಪಿಸಿಕೊಳ್ಳಲು ಬಸ್ಸು ಹತ್ತಿದರೆ ಪ್ರಯಾಣಿಕರೇ ಹೊರದೂಡಿದರೆಂದು ಆಕೆ ದೂರಿದಳು.

ಅಂದಿನ ಗೃಹಸಚಿವ ಜಿ. ಪರಮೇಶ್ವರ ಅವರು, ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಉಂಟಾದ ಪ್ರತಿಕ್ರಿಯೆ ಎಂದು ಹೇಳಿಕೆಯಿತ್ತರು. ನಗರದ ಗೌರವವನ್ನು ಕಾಯುವ ಕಾತರ ಅದರಲ್ಲಿದ್ದುದು ಸಹಜವೇ. ಆದರೆ ವಾಚಕರೇ, ತಾವೇ ಆಲೋಚಿಸಿರಿ. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಸಹ ಕೂಡುವುದಿಲ್ಲ. ಭಾಷೆ ಬೇರೆ, ರಾಜ್ಯ ಬೇರೆ. ಅಪಘಾತ ಮಾಡಿದವನಿಗೂ ಪೆಟ್ಟು ತಿಂದವಳಿಗೂ ಆ ಗುಂಪು ಕಂಡ ಸಂಬಂಧ ಮೈಬಣ್ಣವೊಂದೇ. ತುಮಕೂರಿನ ಚಾಲಕನೊಬ್ಬ ಅದೇ ಅಪಘಾತ ಮಾಡಿದ್ದರೆ, ಅರ್ಧ ಗಂಟೆಯ ಮೇಲೆ ಆ ದಾರಿಯಲ್ಲಿ ಬಂದ ತುಮಕೂರಿನ ಹೆಣ್ಣುಮಗಳನ್ನು ಯಾರಾದರೂ ತಡೆಯುತ್ತಿದ್ದರೇ? ಒಬ್ಬನ ಅಪರಾಧಕ್ಕೆ ಅವನಂತೆ ಕಾಣುವ ಇನ್ನೊಬ್ಬರನ್ನು ಹೊಣೆ ಮಾಡುವುದು ಯಾವುದೋ, ಅದನ್ನೇ ನಾವು ಜನಾಂಗದ್ವೇಷವೆನ್ನಬೇಕು. ಕೋಪಕ್ಕೆ ಕಾರಣವಿದ್ದಿತು ಎಂಬ ಮಾತ್ರಕ್ಕೆ ಅದರ ಹೆಸರು ಬದಲಾಗದು.

ಈ ಒರೆಗಲ್ಲನ್ನೇ ಸುದ್ದಿಗೂ ಹಚ್ಚಬಹುದು. ಮಾದಕವಸ್ತು ಸಿಕ್ಕಿದ ವಾರ್ತೆಯಲ್ಲಿ "ಆಫ್ರಿಕನ್ ಪ್ರಜೆ ಸೆರೆ" ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಆಫ್ರಿಕವೆಂಬುದು ದೇಶವಲ್ಲ, 54 ರಾಷ್ಟ್ರಗಳ ಖಂಡ. "ಏಷ್ಯಾ ಪ್ರಜೆ ಸೆರೆ" ಎಂದು ನಮ್ಮವನನ್ನು ಕುರಿತು ಹೊರದೇಶದ ಪತ್ರಿಕೆ ಬರೆದರೆ ನಾವು ನಗುತ್ತೇವೆ. ಪರದೇಶದ ಆರೋಪಿಯ ದೇಶವನ್ನು ಹೇಳುವುದು ವಾರ್ತೆಯ ಧರ್ಮವೇ ಸರಿ, ಅದರಲ್ಲಿ ದೋಷವಿಲ್ಲ. ದೇಶವನ್ನು ಬಿಟ್ಟು ಬಣ್ಣವನ್ನು ಸೂಚಿಸುವ ಹೆಸರಿಟ್ಟಲ್ಲಿ, ಮರುದಿನ ಬಾಡಿಗೆಮನೆ ಕೇಳಲು ಬಂದ ಬೇರೊಬ್ಬನ ಮುಖಕ್ಕೆ ಬಾಗಿಲು ಹಾಕಲು ಆ ಶೀರ್ಷಿಕೆ ನೆರವಾಗುತ್ತದೆ.

ಎಲ್ಲ ವರ್ಣಮೋಹವನ್ನೂ ಜನಾಂಗದ್ವೇಷವೆಂದು ಕರೆದುಬಿಡುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಖಲೇಪನವು, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತನಾದ 2020ರ ವರ್ಷದಲ್ಲಿಯೇ ಗ್ಲೋ ಅಂಡ್ ಲವ್ಲಿ ಆಯಿತು. ಆದರೆ ವಧುವರರ ಪ್ರಕಟಣೆಯಲ್ಲಿ "ಗೌರವರ್ಣದ ಕನ್ಯೆ ಬೇಕು" ಎನ್ನುವ ತಂದೆತಾಯಿಗಳು ತಮ್ಮ ಕುಲದ ಹುಡುಗಿಯರನ್ನೇ ತಮ್ಮೊಳಗೆ ಜರಡಿ ಹಿಡಿಯುತ್ತಾರೆ. ಸಾದಗಪ್ಪು, ಎಣ್ಣೆಗೆಂಪು ಎಂದು ಬಣ್ಣಕ್ಕೆ ಇಷ್ಟು ನವುರಾದ ಮಾತುಗಳನ್ನು ಕಟ್ಟಿದ ನುಡಿಯವರು ನಾವು! ಅದು ಕ್ರೌರ್ಯವೇ, ಆದರೂ ಅದರ ಬೇರು ಬೇರೆ, ಮದ್ದೂ ಬೇರೆ.

ಹೊಗಳಿಕೆಯಲ್ಲಿ ಅಡಗಿದ ಭೇದವನ್ನು ಗುರುತಿಸುವುದು ಇನ್ನೂ ಕಷ್ಟ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಗಳಲ್ಲಿ ಸಿದ್ದಿ ಜನರು ತಲೆತಲಾಂತರದಿಂದ ನೆಲೆಸಿದ್ದಾರೆ. ಆಫ್ರಿಕದ ಮೂಲದವರಾದುದರಿಂದ ಇವರು ಹುಟ್ಟಿನಿಂದಲೇ ಓಟಗಾರರಾಗಿರಬೇಕೆಂಬ ಎಣಿಕೆಯಿಂದ, ಭಾರತೀಯ ಕ್ರೀಡಾ ಪ್ರಾಧಿಕಾರವು 1987ರ ಸುಮಾರಿಗೆ ಅವರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಉದ್ದೇಶ ಒಳ್ಳೆಯದು, ಕೆಲವರು ಪದಕವನ್ನೂ ಗಳಿಸಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಕಾಡಂಚಿನ ಊರುಗಳಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. ಅವರಲ್ಲಿ ಮೊದಲಿಗರಾಗಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡುದು 2020ರಲ್ಲಿ. ಕಾಲಿನ ವೇಗಕ್ಕೆ ಸಿಕ್ಕ ಗಮನ ಅವರ ಹೊಲ, ಶಾಲೆ, ಹಕ್ಕುಗಳಿಗೆ ಸಿಗಲು ಎಷ್ಟು ತಡವಾಯಿತೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಸಿದ್ದಿ ತರುಣನು ಬೆಂಗಳೂರಿಗೆ ಬಂದು ಅಚ್ಚಗನ್ನಡದಲ್ಲಿ ಮಾತನಾಡಿದರೂ "ನಿಮ್ಮದು ಯಾವ ದೇಶ?" ಎಂಬ ಪ್ರಶ್ನೆ ಅವನನ್ನು ಬಿಡದು. ಚರಿತ್ರೆಯ ಉತ್ತರ ಹೀಗಿದೆ. ಸಿದ್ದಿಗಳಲ್ಲಿ ಬಹುಮಂದಿಯ ಪೂರ್ವಿಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿದರು. ಆಫ್ರಿಕದವರೆಲ್ಲರೂ ದಕ್ಷಿಣಾಪಥದಲ್ಲಿ ಗುಲಾಮರಾಗಿಯೇ ಉಳಿಯಲಿಲ್ಲ. 17ನೆಯ ಶತಮಾನದ ವಿಜಾಪುರದಲ್ಲಿ ಇಖ್ಲಾಸ್ ಖಾನನೆಂಬ ಹಬಶಿಯು ಮಹಮ್ಮದ್ ಆದಿಲ್‌ಶಾಹನ ಮಂತ್ರಿಯಾಗಿದ್ದನು; ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತ ಚಿತ್ರವೊಂದು ಇಂದಿಗೂ ಉಳಿದಿದೆ. ಅದಕ್ಕೂ ಮುಂಚೆ ಬಹಮನಿ ಅರಸರ ದಂಡಿನಲ್ಲಿ ಹಬಶಿಗಳಿದ್ದರು. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಪೇಟೆ ಕಟ್ಟಿಸುವ ವೇಳೆಗೆ ಅವರು ಕನ್ನಡನಾಡಿನ ನೆಲದಲ್ಲಿ ಕೆಲವು ತಲೆಮಾರುಗಳನ್ನು ಕಳೆದಾಗಿತ್ತು.