ಎತ್ತಿನ ಗಾಡಿಗೆ ಮೋಟಾರಿನ ಗಾಲಿ

ಕಬ್ಬು ಕಡಿಯುವ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಹಾದಿಯಲ್ಲಿ ಟ್ರ್ಯಾಕ್ಟರುಗಳ ಸಾಲಿನ ನಡುವೆ ಇಂದಿಗೂ ಅಲ್ಲಲ್ಲಿ ಎತ್ತಿನ ಗಾಡಿ ಕಾಣುತ್ತದೆ. ನೊಗ, ಮೂಕಿ, ಹಗ್ಗ ಎಲ್ಲವೂ ಅಜ್ಜನ ಕಾಲದ ರೀತಿಯವು. ಕೆಳಗೆ ಬಗ್ಗಿ ನೋಡಿದರೆ ಮಾತ್ರ ಬೇರೆಯೇ ಲೋಕ: ಉಕ್ಕಿನ ಅಚ್ಚು, ಬೇರಿಂಗು, ಬೋಲ್ಟು ಬಿಗಿದ ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಈ ‘ಟೈರು ಗಾಡಿ’ಗೆ ಉತ್ತರ ಭಾರತದ ಕೆಲವೆಡೆ ‘ಡನ್ಲಪ್’ ಎಂದೇ ಹೆಸರು. ರಾಜಸ್ಥಾನದ ಒಂಟೆ ಗಾಡಿಗಳಂತೂ ವಿಮಾನದ ಹಳೆಯ ಟೈರುಗಳ ಮೇಲೆ ಓಡಿವೆ.

ಎತ್ತು ಮೋಟಾರಿನಿಂದ ಟೈರನ್ನು ಎರವಲು ಪಡೆಯಿತು ಎಂದು ಭಾವಿಸುವುದು ಸಹಜ. ಆದರೆ ಗಾಳಿ ತುಂಬಿದ ಚಕ್ರ ಹುಟ್ಟಿದ್ದೇ ಪ್ರಾಣಿ ಎಳೆಯುವ ಗಾಡಿಗಾಗಿ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟು ಪಡೆದಾಗ ಮೋಟಾರು ಕಾರಿನ ಸುಳಿವೇ ಇರಲಿಲ್ಲ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಹಾಕಿ ತೋರಿಸಿಯೂ ಆಯಿತು. ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಡನ್ಲಪ್ ವೃತ್ತಿಯಿಂದ ಪಶುವೈದ್ಯ ಎಂಬುದು ಇಲ್ಲಿ ನೆನಪಿಡತಕ್ಕ ಸಂಗತಿ.

ಭಾರತದಲ್ಲಿ ಟೈರು ಗಾಡಿಯ ಮಾತು ಬಂದದ್ದು ಮೊದಲು ಎತ್ತಿನ ಮೇಲಿನ ಮರುಕದಿಂದಲ್ಲ, ರಸ್ತೆಯ ಮೇಲಿನ ಕಾಳಜಿಯಿಂದ. ಮರದ ಗಾಲಿಗೆ ಸುತ್ತಿದ ಕಬ್ಬಿಣದ ಪಟ್ಟಿಯ ಅಗಲ ಕೆಲವೇ ಬೆರಳು. ಗಾಡಿಯ ಭಾರವೆಲ್ಲ ಆ ಇಕ್ಕಟ್ಟಿನ ಗೆರೆಯ ಮೇಲೆ ಬಿದ್ದು ಜಲ್ಲಿ ರಸ್ತೆ ಪುಡಿಯಾಗುತ್ತಿತ್ತು. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಂಜಿನಿಯರುಗಳಿಗೆ ಇದೊಂದು ದೊಡ್ಡ ತಲೆನೋವು. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಮುಂದೆ ಪ್ರಾಣಿ ಎಳೆಯುವ ವಾಹನಗಳಿಗೆಂದೇ ‘ಎಡಿವಿ’ ಎಂಬ ಟೈರಿನ ವರ್ಗವೊಂದು ಬೆಳೆಯಿತು.

ಆದರೆ ಹೊಸ ಟೈರು, ಹೊಸ ಅಚ್ಚು ಕೊಳ್ಳುವ ಶಕ್ತಿ ಎಷ್ಟು ರೈತರಿಗಿತ್ತು? ಅನೇಕರು ಹಿಡಿದದ್ದು ಗುಜರಿಯ ದಾರಿ. ಲಾರಿಯಲ್ಲಿ, ಜೀಪಿನಲ್ಲಿ ಓಡಿ ಸವೆದ ಗಾಲಿಗೆ ಗಾಡಿಯ ನಿಧಾನದ ನಡಿಗೆಯಲ್ಲಿ ಇನ್ನೂ ಕೆಲವು ವರ್ಷ ಆಯುಸ್ಸಿರುತ್ತಿತ್ತು. ಗಾಲಿ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಗಾಲಿಗೆ ಐದು ಬೋಲ್ಟು, ಅವು ಕೂರುವ ವೃತ್ತದ ಅಡ್ಡಳತೆ ಐದೂವರೆ ಇಂಚು. ಲಾರಿಯದಕ್ಕೆ ಬೋಲ್ಟಿನ ಸಂಖ್ಯೆಯೂ ಬೇರೆ, ವೃತ್ತವೂ ಬೇರೆ. ಒಂದರ ರಿಮ್ಮು ಇನ್ನೊಂದರ ಹಬ್ಬಿಗೆ ಕೂರದು. ಕೂರಿಸಲೇಬೇಕೆಂದು ತೂತನ್ನು ಅಗಲ ಮಾಡಿದರೆ ಗಾಲಿ ಓಲಾಡಿ ಬೋಲ್ಟು ತುಂಡಾಗುತ್ತದೆ. ಆದ್ದರಿಂದ ಗಾಲಿಯ ಜೊತೆಗೆ ಅದರದೇ ಹಬ್ಬು, ಬೇರಿಂಗುಗಳನ್ನೂ ತಂದು, ಅವಕ್ಕೆ ಹೊಂದುವ ಅಚ್ಚಿನ ತುದಿಯನ್ನು ಉದ್ದನೆಯ ಉಕ್ಕಿನ ಸರಳಿಗೆ ಬೆಸೆಯುವುದು ಜಾಣತನವಾಗಿತ್ತು.

ಇನ್ನೊಂದು ತೊಡಕು ಎತ್ತರದ್ದು. ಮರದ ಗಾಲಿ ಆಳಿನ ಎದೆಮಟ್ಟಕ್ಕೆ ಬರುವಂಥದ್ದು. ಜೀಪಿನ ಗಾಲಿ ಮೊಣಕಾಲನ್ನು ದಾಟಿದರೆ ಹೆಚ್ಚು. ಗಾಲಿ ಗಿಡ್ಡವಾದಷ್ಟೂ ಅಚ್ಚು ಕೆಳಗಿಳಿಯುತ್ತದೆ. ಎತ್ತಿನ ಹೆಗಲು ಇಳಿಯುವುದಿಲ್ಲವಲ್ಲ! ಮೂಕಿ ಮೇಲ್ಮುಖವಾಗಿ, ಗಾಡಿ ಹಿಂದಕ್ಕೆ ವಾಲುತ್ತದೆ. ಅದಕ್ಕಾಗಿ ಅಚ್ಚಿನ ಮೇಲೆ ಮರದ ದಿಮ್ಮಿ ಇಟ್ಟು ಚೌಕಟ್ಟನ್ನು ಎತ್ತರಿಸಬೇಕು. ಹೇರುವಾಗಲೂ ಎಚ್ಚರ ಬೇಕು: ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ಕೊರಳ ಹಗ್ಗ ಬಿಗಿಯುತ್ತದೆ.

ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುತ್ತಿದ್ದ ಕಮ್ಮಾರನಿಗೂ, ಅರೆಕಾಲು ಕೂರಿಸುತ್ತಿದ್ದ ಬಡಗಿಗೂ ಟೈರಿನಿಂದ ಕೆಲಸ ತಪ್ಪಿತು. ಅವರ ಜಾಗಕ್ಕೆ ವೆಲ್ಡಿಂಗಿನವನೂ ಪಂಕ್ಚರಿನವನೂ ಬಂದರು. ಜಾಲಿಮುಳ್ಳಿನ ಹಾದಿಯಲ್ಲಿ ಪಂಕ್ಚರಿಗೇನು ಬರ? ಹೊಲಕ್ಕೆ ಮರದ ಗಾಲಿ, ರಸ್ತೆಗೆ ಟೈರು ಎಂದು ಎರಡೂ ಬಗೆಯ ಗಾಡಿಗಳು ಬಹುಕಾಲ ಜೊತೆಯಲ್ಲೇ ಬಾಳಿದವು.

ಹಾಗಾದರೆ ಎತ್ತಿಗೆ ಸಿಕ್ಕಿದ್ದೇನು? ಬೇರಿಂಗಿನ ಮೇಲೆ ತಿರುಗುವ ಟೈರಿನ ಗಾಲಿಯನ್ನು ಎಳೆಯುವುದು ಹಗುರ ಎಂಬುದರಲ್ಲಿ ಸಂದೇಹವಿಲ್ಲ. ಆ ಹಗುರವನ್ನು ಲೆಕ್ಕ ಹಾಕಿ ಹೇರಿಗೆ ಸೇರಿಸಿದ್ದು ಕಾನೂನೇ. 1965ರ ಪ್ರಾಣಿಹಿಂಸೆ ತಡೆ ನಿಯಮಗಳ ಪ್ರಕಾರ ಎರಡು ಗಾಲಿಯ ಗಾಡಿಯಲ್ಲಿ ಒಂದು ದೊಡ್ಡ ಎತ್ತು ಎಳೆಯಬಹುದಾದ ಭಾರ, ಟೈರು ಇಲ್ಲದಿದ್ದರೆ 900 ಕಿಲೋ, ಗಾಳಿಯ ಟೈರಿದ್ದರೆ 1350, ಬಾಲ್ ಬೇರಿಂಗಿದ್ದರೆ 1800. ಜೋಡಿಯಾದರೆ ಇದರ ಎರಡರಷ್ಟು. ಕಡಿದಾದ ಏರಿದ್ದರೆ ಅರ್ಧ. ಗಾಡಿಯ ತೂಕವೂ ಇದರಲ್ಲೇ ಸೇರಿದೆ. ಎಳೆತದಲ್ಲಿ ಉಳಿದದ್ದು ಹೇರಿನಲ್ಲಿ ಹೋಯಿತು. ಟನ್ನಿನ ಲೆಕ್ಕದಲ್ಲಿ ಸಾಗಣೆಯ ಕೂಲಿ ಸಿಗುವ ಕಬ್ಬಿನ ಗಾಡಿಯಲ್ಲಿ ಈ ಮಿತಿಯನ್ನು ನೆನೆಯುವವರಾದರೂ ಯಾರು?

ಇದನ್ನು ಗಟ್ಟಿಯಾಗಿ ಎತ್ತಿ ಹೇಳಿದವರು ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ. ದೇಶದಲ್ಲಿ ಆಗ ಒಂದು ಕೋಟಿಗೂ ಹೆಚ್ಚು ಎತ್ತಿನ ಗಾಡಿಗಳಿದ್ದವು. ಅವುಗಳ ಸುಧಾರಣೆಯ ಕುರಿತು 1979ರಲ್ಲಿ ಅವರು ವಿಸ್ತಾರವಾದ ಅಧ್ಯಯನ ಪ್ರಕಟಿಸಿದರು. ಗಾಲಿಯೊಂದನ್ನೇ ಬದಲಿಸಿದರೆ ಸಾಲದು, ಹೆಗಲನ್ನು ಉಜ್ಜಿ ಹುಣ್ಣು ಮಾಡುವ ನೊಗವೂ ಬದಲಾಗಬೇಕು ಎಂಬುದು ಅವರ ವಾದ. ಗಾಲಿ ಗುಜರಿಯಲ್ಲಿ ಸಿಕ್ಕಿತು. ಒಳ್ಳೆಯ ನೊಗ ಯಾವ ಗುಜರಿಯಲ್ಲೂ ಸಿಗುವಂಥದ್ದಲ್ಲ.

ಬ್ರೇಕಿನ ಕತೆಯೂ ಅಷ್ಟೇ. ಲಾರಿಯ ಹಬ್ಬಿನಲ್ಲಿ ಬ್ರೇಕಿನ ಡ್ರಮ್ಮು ಇರುತ್ತದಾದರೂ ಗಾಡಿಗೆ ಬರುವಾಗ ಅದರ ಒಳಗಿನ ಸಾಮಾನು ಸಾಮಾನ್ಯವಾಗಿ ಬರುವುದಿಲ್ಲ. ಮರದ ಗಾಲಿ ತನ್ನ ಬಿಗಿತದಿಂದಲೇ ಅಷ್ಟಿಷ್ಟು ತಡೆಯುತ್ತಿತ್ತು. ಟೈರು ತಡೆಯುವುದಿಲ್ಲ. ಇಳಿಜಾರಿನಲ್ಲಿ ಎರಡು ಟನ್ ಕಬ್ಬು ಹಿಂದಿನಿಂದ ನೂಕುವಾಗ ನೊಗ ಹೆಗಲಿನಿಂದ ಕೊಂಬಿನತ್ತ ಜಾರುತ್ತದೆ. ಎತ್ತುಗಳು ಕಾಲು ಊರಿ, ಕತ್ತು ಹಿಂದಕ್ಕೆ ಸೆಳೆದು ಗಾಡಿಯನ್ನು ಹಿಡಿಯುತ್ತವೆ.