ಒಳ್ಳೆಮೆಣಸಿನ ಚಿತ್ರಾನ್ನ

ತುಳುವಿನಲ್ಲಿ ಕಾಳುಮೆಣಸಿಗೆ ‘ಎಡ್ಡೆ ಮುಂಚಿ’ ಎನ್ನುತ್ತಾರೆ. ಕರಾವಳಿಯ ಕನ್ನಡದಲ್ಲಿ ಅದೇ ‘ಒಳ್ಳೆಮೆಣಸು’. ಈ ‘ಒಳ್ಳೆ’ ಎಂಬ ವಿಶೇಷಣ ಏಕೆ ಬೇಕಾಯಿತು? ಬರಿಯ ‘ಮೆಣಸು’ ಎಂಬ ಹೆಸರನ್ನು ಕಡಲಾಚೆಯಿಂದ ಬಂದ ಮೆಣಸಿನಕಾಯಿ ಕಸಿದುಕೊಂಡಿತು, ಅದಕ್ಕೆ. ಅಡುಗೆಮನೆಯ ಚರಿತ್ರೆಯನ್ನು ಶಾಸನಗಳಲ್ಲಿ ಯಾರೂ ಕೊರೆಸಲಿಲ್ಲ. ಅದು ಉಳಿದಿರುವುದು ಇಂಥ ಮಾತುಗಳಲ್ಲಿ. ಚಿತ್ರಾನ್ನದ ಬಗೆಗೆ ಹೇಳಹೊರಟ ನಾನು ಇಲ್ಲಿಂದಲೇ ತೊಡಗುತ್ತೇನೆ.

ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮರಾಜ ಅಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಬಸದಿಯ ಕಲ್ಲುಕುಟಿಗರು ಉಂಡ ಅನ್ನದಲ್ಲಿ ಕೆಂಪು ಮೆಣಸಿನ ಚೂರೂ ಇದ್ದಿರಲಾರದು. ಗೊಮ್ಮಟ ನಿಲ್ಲುವ ಹೊತ್ತಿಗೆ ಅದು ಪಶ್ಚಿಮ ಕರಾವಳಿಯನ್ನು ಮುಟ್ಟಿಯಾಗಿತ್ತು. ನಡುವೆ, 1498ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದ. ಪೋರ್ಚುಗೀಸರು ಅರಸಿ ಬಂದದ್ದು ನಮ್ಮ ಒಳ್ಳೆಮೆಣಸನ್ನು. ಅವರ ಹಡಗುಗಳಲ್ಲಿ ಬಂದಿಳಿದದ್ದು ಅಮೆರಿಕದ ಮೆಣಸಿನಕಾಯಿ. 16ನೆಯ ಶತಮಾನದ ಆದಿಯಲ್ಲಿ ಜೈನ ಕವಿ ಮೂರನೆಯ ಮಂಗರಸ ಘಟ್ಟದ ಮೇಲೆ ಪದ್ಯದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ಬದನೆ, ಹಲಸು, ಬಾಳೆಗಳ ಪಾಕವನ್ನು ವಿಸ್ತಾರವಾಗಿ ಹೇಳಿದ, ಅವನ ಖಾರವೆಲ್ಲ ಹಳೆಯ ಖಾರವೇ.

ಹೊಸ ಮೆಣಸು ಗೆದ್ದದ್ದು ರುಚಿಯಿಂದಲ್ಲ, ಲೆಕ್ಕಾಚಾರದಿಂದ ಎಂದು ನನ್ನ ಎಣಿಕೆ. ಒಳ್ಳೆಮೆಣಸಿನ ಬಳ್ಳಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಕೊಟ್ಟದ್ದು ಕೂಡ ಹಣದ ಬೆಳೆ, ಹಡಗಿಗೆ ಹೋಗುವ ಸರಕು. ಮೆಣಸಿನ ಗಿಡವೋ ಹಿತ್ತಿಲಲ್ಲಿ ಕೆಲವೇ ತಿಂಗಳಲ್ಲಿ ಕಾಯಿ ಬಿಡುತ್ತದೆ. ಒಕ್ಕಲು ಮಗ ಒಳ್ಳೆಯದನ್ನು ಮಾರಿ ಹೊಸದನ್ನು ಉಂಡ. ಅಕ್ಕಿಯ ಕಥೆಯೂ ಹೆಚ್ಚು ಬೇರೆಯಲ್ಲ. ಕರಾವಳಿಯ ಅರಸರು ಪೋರ್ಚುಗೀಸರಿಗೆ ತೆತ್ತ ಕಪ್ಪದಲ್ಲಿ ಅಕ್ಕಿಯೂ ಇತ್ತು; ನೇತ್ರಾವತಿಯ ದಡದ ಬಂಟ್ವಾಳದ ಪೇಟೆಯಿಂದ ದೋಣಿಗಳು ಅಕ್ಕಿಯನ್ನು ಹೊತ್ತು ಮಂಗಳೂರಿಗಿಳಿಯುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ನೀರಿನ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದಳು. ಮೂಡಬಿದಿರೆಯಲ್ಲಿ ಇಂದಿಗೂ ಇರುವ ಚೌಟರ ಅರಮನೆ ಆಕೆಯ ಮನೆತನದ್ದೇ. ಗದ್ದೆಯ ನೀರಿನ ಬೆಲೆ ಬಲ್ಲ ರಾಣಿ!

ಹಳೆಯದು ಪೂರ್ತಿ ಅಳಿಯಲಿಲ್ಲ. ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ ಬಾರದು. ಬಟಾಟೆ, ಟೊಮೆಟೊಗಳೂ ಹೊರಗೇ. ಪಿತೃಗಳು ಬಲ್ಲ ಅನ್ನವನ್ನೇ ಅವರಿಗೆ ಬಡಿಸಬೇಕಷ್ಟೆ. ಜೈನರ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸುಗಳಿಗೂ ಎಡೆಯಿಲ್ಲ. ಇಷ್ಟೆಲ್ಲ ಕಳೆದರೆ ಉಳಿಯುವುದೇನು ಎಂದು ಕೇಳುವವರಿಗೆ ನಾನು ಈ ಚಿತ್ರಾನ್ನವನ್ನು ಹೇಳುತ್ತೇನೆ.

ನಿತ್ಯದ ಕುಚ್ಚಲಕ್ಕಿ ಇದಕ್ಕೆ ಒಗ್ಗದು. ಬೆಳ್ತಿಗೆ ಅಕ್ಕಿಯ ಅನ್ನ ಉದುರುದುರಾಗಿ ಆರಿರಬೇಕು. ಅಲಸಂಡೆ, ತೊಂಡೆ, ಎಳೆಯ ಹಲಸಿನ ಗುಜ್ಜೆಯನ್ನು ಸಣ್ಣಗೆ ಹೆಚ್ಚಿ ಉಪ್ಪು, ಅರಸಿನದೊಡನೆ ಬೇಯಿಸಬೇಕು. ತೆಂಗಿನತುರಿ, ಸಾಸಿವೆ, ಹುಣಿಸೆಯನ್ನು ನೀರು ಸೋಕದಂತೆ ಅರೆದು, ತೆಂಗಿನೆಣ್ಣೆಯ ಒಗ್ಗರಣೆಯಲ್ಲಿ ಕರಿಬೇವಿನೊಡನೆ ಬಾಡಿಸಿ, ಹೋಳು ಬೆರೆಸಿ, ಅನ್ನ ಕಲಸುವುದು. ಹಾಲು, ತುಪ್ಪ ಯಾವುದೂ ಬೇಡ. ಒಳ್ಳೆಮೆಣಸನ್ನು ಮಾತ್ರ ಕೊನೆಗೆ, ಆಗಲೇ ಕುಟ್ಟಿ ಹಾಕಬೇಕು: ಹೆಚ್ಚು ಹೊತ್ತು ಬೆಂದರೆ ಅದರ ಪರಿಮಳ ಹಾರಿಹೋಗುತ್ತದೆ. ಅದರ ಖಾರ ನಾಲಗೆಯ ತುದಿಯನ್ನು ಸುಡುವುದಿಲ್ಲ. ತುತ್ತು ಇಳಿದ ಮೇಲೆ ನಿಧಾನವಾಗಿ ಗಂಟಲಲ್ಲಿ ಏಳುತ್ತದೆ.